ವಿಕ್ಟೋರಿಯಾ ಕಾಲದ ವರ್ಕ್‌ಹೌಸ್ ಮಗುವಿನ ಜಾಡು ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡ್ ಮತ್ತು ವೇಲ್ಸ್‌ನ ವರ್ಕ್‌ಹೌಸುಗಳಲ್ಲಿ, ಅಂದರೆ ಗತಿಯಿಲ್ಲದವರನ್ನು ಇರಿಸಿಕೊಂಡು ಕೆಲಸ ಮಾಡಿಸುತ್ತಿದ್ದ ಆಶ್ರಯಾಲಯಗಳಲ್ಲಿ, ಬಾಲ್ಯ ಕಳೆದವರ ವಿವರಗಳನ್ನು ಪತ್ರಾಗಾರಗಳಲ್ಲಿ ಹುಡುಕುವವರಿಗಾಗಿ ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಮಗುವಿನ ಜೀವನಚರಿತ್ರೆ ಉಳಿಯಲಿ ಎಂದು ಯಾರೂ ಈ ದಾಖಲೆಗಳನ್ನು ಬರೆದಿಟ್ಟವರಲ್ಲ. ಇವು ಲೆಕ್ಕದ ಪುಸ್ತಕಗಳು. ಮಗುವಿನ ಅನ್ನ, ಬಟ್ಟೆ, ಶಾಲೆ, ಕೊನೆಗೆ ಶವಪೆಟ್ಟಿಗೆಯ ಖರ್ಚು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿದಾಗಲೆಲ್ಲ ಯಾರೋ ಒಬ್ಬ ಗುಮಾಸ್ತ ಎಲ್ಲೋ ಒಂದು ಸಾಲು ಬರೆದಿದ್ದಾನೆ. ಆದ್ದರಿಂದ ಜಾಡು ತಪ್ಪಿದಾಗ, ಮಗು ಎಲ್ಲಿಗೆ ಹೋಗಿರಬಹುದು ಎಂದು ಊಹಿಸುತ್ತ ಕೂರುವ ಮೊದಲು, ಅಂದಿನಿಂದ ಅದರ ಖರ್ಚನ್ನು ಯಾರು ಹೊತ್ತರು ಎಂದು ಕೇಳಿಕೊಳ್ಳಿ. ಮುಂದಿನ ಪುಸ್ತಕ ಯಾವುದೆಂದು ಹೆಚ್ಚಿನ ಸಲ ಆ ಪ್ರಶ್ನೆಯೇ ತೋರಿಸಿಕೊಡುತ್ತದೆ.

ವರ್ಕ್‌ಹೌಸ್ ಎಂದರೆ ಅನಾಥಾಲಯವೇ?

ಅಲ್ಲ. 1834ರ ಬಡವರ ಕಾಯ್ದೆಯ ಪ್ರಕಾರ ಅಕ್ಕಪಕ್ಕದ ಪ್ಯಾರಿಷ್‌ಗಳನ್ನು (ಒಂದು ಚರ್ಚಿನ ವ್ಯಾಪ್ತಿಯ ಸ್ಥಳೀಯ ಆಡಳಿತ ಘಟಕಗಳನ್ನು) ಒಟ್ಟುಗೂಡಿಸಿ ಸುಮಾರು 600 ಯೂನಿಯನ್‌ಗಳನ್ನು ರಚಿಸಲಾಯಿತು. ಪ್ರತಿ ಯೂನಿಯನ್ನಿಗೂ ತೆರಿಗೆದಾರರು ಚುನಾಯಿಸಿದ ಗಾರ್ಡಿಯನ್ಸ್ ಮಂಡಳಿ ಇರುತ್ತಿತ್ತು, ಮಂಡಳಿಯ ಕೈಕೆಳಗೆ ಒಂದು ವರ್ಕ್‌ಹೌಸ್ ಇರುತ್ತಿತ್ತು. ಗತಿಯಿಲ್ಲದವರು ಒಳಗೆ ಬಂದು, ಅಲ್ಲಿನ ಶಿಸ್ತಿಗೆ ಒಳಪಟ್ಟು, ಕೈಲಾದ ಕೆಲಸ ಮಾಡಿಕೊಂಡು ಇದ್ದರೆ ಅನ್ನ ಮತ್ತು ಸೂರು ಸಿಗುತ್ತಿತ್ತು. ಇಡೀ ಕುಟುಂಬ ಒಟ್ಟಿಗೆ ಬಂದರೂ ಬಾಗಿಲಲ್ಲೇ ಬೇರ್ಪಡಿಸಲಾಗುತ್ತಿತ್ತು: ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, 7ರಿಂದ 15 ವರ್ಷದೊಳಗಿನ ಹುಡುಗರು, ಅದೇ ವಯಸ್ಸಿನ ಹುಡುಗಿಯರು, 7ಕ್ಕಿಂತ ಚಿಕ್ಕವರು ಹೀಗೆ. ಹಾಗಾಗಿ ರಿಜಿಸ್ಟರಿನಲ್ಲಿ ಒಂಟಿಯಾಗಿ ಕಾಣುವ ಮಗುವಿನ ತಾಯಿ ಅದೇ ಕಟ್ಟಡದ ಇನ್ನೊಂದು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಿರಬಹುದು. ಅನಾಥ ಎಂದು ತೀರ್ಮಾನಿಸುವ ಮುನ್ನ ಅದೇ ಪುಟದ ಮೇಲಿನ ಹಾಗೂ ಕೆಳಗಿನ ಸಾಲುಗಳನ್ನು ಓದುವುದು ಅಗತ್ಯ. ಈ ಮಂಡಳಿಗಳು ರದ್ದಾದದ್ದು 1930ರ ಏಪ್ರಿಲ್ 1ರಂದು.

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ವರ್ಕ್‌ಹೌಸಿನಿಂದ ಆರಂಭಿಸಬೇಡಿ. ಆ ವ್ಯಕ್ತಿ ದೊಡ್ಡವರಾದ ಮೇಲೆ ಬಿಟ್ಟುಹೋದ ಗಟ್ಟಿ ದಾಖಲೆಗಳಿಂದ, ಅಂದರೆ ಮದುವೆಯ ಪ್ರಮಾಣಪತ್ರ ಮತ್ತು ಜನಗಣತಿಯಿಂದ, ಹಿಂದಕ್ಕೆ ಬನ್ನಿ. ಮದುವೆಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿದ್ದರೆ ಅದೂ ಒಂದು ಸುಳಿವೇ. ಜನಗಣತಿಯಲ್ಲಿ ಹುಟ್ಟಿದ ಊರು ಸಿಕ್ಕಿದ ಕೂಡಲೇ ಆ ಊರು ಯಾವ ಯೂನಿಯನ್ನಿಗೆ ಸೇರಿತ್ತು ಎಂದು ನೋಡಬೇಕು, ಏಕೆಂದರೆ ವರ್ಕ್‌ಹೌಸಿನ ಎಲ್ಲ ಪುಸ್ತಕಗಳೂ ಯೂನಿಯನ್ ಹೆಸರಿನಡಿಯಲ್ಲೇ ಜೋಡಿಸಲ್ಪಟ್ಟಿವೆ.

ಇಲ್ಲಿ ಒಂದು ಅನುಕೂಲವಿದೆ. 1837ರ ಜುಲೈ 1ರಂದು ಜನನ-ಮರಣ ನೋಂದಣಿ ಆರಂಭವಾದಾಗ ನೋಂದಣಿ ಜಿಲ್ಲೆಗಳನ್ನು ಬಹುಮಟ್ಟಿಗೆ ಇದೇ ಯೂನಿಯನ್‌ಗಳ ಗಡಿಯನ್ನು ಅನುಸರಿಸಿ ಗುರುತಿಸಲಾಯಿತು. ಆದ್ದರಿಂದ ಜನನ ಪ್ರಮಾಣಪತ್ರದ ತಲೆಯಲ್ಲಿ ಅಚ್ಚಾಗಿರುವ ನೋಂದಣಿ ಜಿಲ್ಲೆಯ ಹೆಸರು ಸಾಮಾನ್ಯವಾಗಿ ಯೂನಿಯನ್ನಿನ ಹೆಸರೂ ಆಗಿರುತ್ತದೆ. ಯೂನಿಯನ್ ತಿಳಿದ ಮೇಲೆ ಆ ಕೌಂಟಿಯ (ನಮ್ಮ ಜಿಲ್ಲೆಯಂತಹ ವಿಭಾಗದ) ಪತ್ರಾಗಾರದಲ್ಲಿ ಯಾವ ವರ್ಷಗಳ ಯಾವ ಪುಸ್ತಕಗಳು ಉಳಿದಿವೆ ಎಂಬುದನ್ನು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಡಿಸ್ಕವರಿ ಸೂಚಿಯಲ್ಲಿ ನೋಡಿಕೊಳ್ಳಬಹುದು. ಲಂಡನ್ನಿನ ಮಂಡಳಿಗಳ ದಾಖಲೆಗಳ ಬಹುಭಾಗ ಈಗ ಲಂಡನ್ ಆರ್ಕೈವ್ಸ್ ಎಂದು ಕರೆಯಲಾಗುವ, ಹಿಂದೆ ಲಂಡನ್ ಮೆಟ್ರೊಪಾಲಿಟನ್ ಆರ್ಕೈವ್ಸ್ ಆಗಿದ್ದ ಸಂಸ್ಥೆಯಲ್ಲಿದೆ.

ಸೇರ್ಪಡೆ ಮತ್ತು ಬಿಡುಗಡೆಯ ರಿಜಿಸ್ಟರಿನಲ್ಲಿ ಏನೇನು ಇರುತ್ತದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪುಸ್ತಕ. ಬಹುಪಾಲು ಜನ ಹೆಸರು ಮತ್ತು ದಿನಾಂಕ ಬರೆದುಕೊಂಡು ಪುಟ ಮಗುಚುವುದರಿಂದ ಅರ್ಧ ಸಂಗತಿ ಅಲ್ಲೇ ಉಳಿದುಬಿಡುತ್ತದೆ. ಅಗಲವಾದ ಎರಡು ಪುಟಗಳ ಮೇಲೆ ಹರಡಿಕೊಂಡ ಈ ರಿಜಿಸ್ಟರಿನ ಸೇರ್ಪಡೆಯ ಭಾಗದಲ್ಲಿ ಸಾಮಾನ್ಯವಾಗಿ ದಿನಾಂಕ, ವಾರ, ಹೆಸರು, ಕಸುಬು, ಮತ, ಹುಟ್ಟಿದ ವರ್ಷ, ಆಹಾರದ ವರ್ಗ, ಬಟ್ಟೆಯ ಸಂಖ್ಯೆ, ಯಾವ ಪ್ಯಾರಿಷ್‌ನಿಂದ ಬಂದದ್ದು, ಯಾರ ಆದೇಶದ ಮೇಲೆ, ಆದೇಶದ ದಿನಾಂಕ, ವರ್ಕ್‌ಹೌಸಿನಲ್ಲೇ ಹುಟ್ಟಿದ್ದರೆ ಹೆತ್ತವರ ಹೆಸರು, ಬಂದಾಗಿನ ಸ್ಥಿತಿಯ ಬಗ್ಗೆ ಶರಾ ಎಂಬ ಕಲಂಗಳಿರುತ್ತವೆ. ಬಿಡುಗಡೆಯ ಭಾಗದಲ್ಲಿ ಹೇಗೆ ಹೊರಗೆ ಹೋದದ್ದು ಎಂಬ ಕಲಮೂ ನಡತೆಯ ಬಗ್ಗೆ ಇನ್ನೊಂದು ಶರಾವೂ ಇರುತ್ತವೆ.

ಒಂದೊಂದನ್ನೂ ಬಿಡಿಸಿ ನೋಡೋಣ. ಪ್ಯಾರಿಷ್ ಕಲಂ ಮಗು ಎಲ್ಲಿ ವಾಸಿಸುತ್ತಿತ್ತು ಎಂಬುದನ್ನು ಹೇಳುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಅಲ್ಲಿ ನಿಜವಾಗಿ ಇರುವುದು ಯಾರ ಖಾತೆಗೆ ಖರ್ಚು ಬರೆಯಬೇಕು ಎಂಬ ಸೂಚನೆ. 1865ರಲ್ಲಿ ಇಡೀ ಯೂನಿಯನ್ನಿನ ಖರ್ಚನ್ನು ಒಂದೇ ನಿಧಿಗೆ ಹಾಕುವ ಕಾಯ್ದೆ ಬರುವವರೆಗೆ ಪ್ರತಿ ಪ್ಯಾರಿಷ್ ತನ್ನ ಬಡವರ ಖರ್ಚನ್ನು ತಾನೇ ಕೊಡುತ್ತಿದ್ದುದರಿಂದ, ಆ ಕಾಲದ ಗುಮಾಸ್ತರು ಈ ಕಲಮನ್ನು ಬಹಳ ಎಚ್ಚರದಿಂದ ತುಂಬಿದ್ದಾರೆ. ಆಹಾರದ ವರ್ಗ ಎಂಬ ಒಂಟಿ ಅಂಕಿ ವಯಸ್ಸಿನ ಸಂಶಯ ಪರಿಹರಿಸಲು ನೆರವಾಗುತ್ತದೆ. 1836ರ ಮಾದರಿ ಆಹಾರಪಟ್ಟಿಗಳ ಪ್ರಕಾರ 9 ವರ್ಷ ಮೀರಿದ ಮಕ್ಕಳಿಗೆ ಹೆಂಗಸರಷ್ಟೇ ಪಾಲು, ಅದಕ್ಕಿಂತ ಚಿಕ್ಕವರಿಗೆ ವಿವೇಚನೆಯಂತೆ. ಆದೇಶ ಕೊಟ್ಟವರು ಯಾರು ಎಂಬ ಕಲಂ ಮುಂದಿನ ದಾರಿಯನ್ನೇ ತೋರಿಸುತ್ತದೆ: ಗಾರ್ಡಿಯನ್ಸ್ ಮಂಡಳಿಯ ಆದೇಶವಾಗಿದ್ದರೆ ಅದೇ ವಾರದ ನಡಾವಳಿ ಪುಸ್ತಕದಲ್ಲಿ ಚರ್ಚೆಯೋ ಠರಾವೋ ಇರುವ ಸಂಭವವಿದೆ, ನೆರವು ಕೇಳಿ ಬಂದವರ ಅರ್ಜಿ ನೋಡುತ್ತಿದ್ದ ರಿಲೀವಿಂಗ್ ಆಫೀಸರ್ ಎಂಬ ಅಧಿಕಾರಿಯ ಆದೇಶವಾಗಿದ್ದರೆ ಆತನ ಅರ್ಜಿ ಪುಸ್ತಕವನ್ನು ನೋಡಬೇಕು, ಅದು ಉಳಿದಿದ್ದರೆ ಮನೆಯ ವಿಳಾಸ, ಬಾಡಿಗೆ, ಕಾಯಿಲೆ, ಸಂಪಾದನೆ ಎಲ್ಲವೂ ಅಲ್ಲಿರುತ್ತವೆ.

ಬಿಡುಗಡೆಯ ಕಲಮಿನಲ್ಲಿ ಎರಡು ಮೂರು ಪದಗಳಷ್ಟೇ ಇರುತ್ತವೆ, ಆದರೆ ಅವುಗಳಲ್ಲಿ ಒಂದೊಂದೂ ಬೇರೆ ಬೇರೆ ಪುಸ್ತಕದ ಕಡೆಗೆ ಕೈ ತೋರಿಸುತ್ತದೆ. ತಾಯಿಯೊಂದಿಗೆ ಎಂದಿದ್ದರೆ ತಾಯಿಯ ಸಾಲನ್ನು ಹುಡುಕಿ. ಕೆಲಸಕ್ಕೆ ಎಂದಿದ್ದರೆ ಸೇವಕರ ರಿಜಿಸ್ಟರು ಇದೆಯೇ ನೋಡಿ. ಶಾಲೆಗೆ ಎಂದಿದ್ದರೆ ಮಗು ಯೂನಿಯನ್ನಿನ ಹೊರಗಿನ ದೊಡ್ಡ ಶಾಲೆಗೆ ಹೋಗಿದೆ ಎಂದರ್ಥ. ಓಡಿಹೋದದ್ದು ಎಂದಿದ್ದರೆ ಸ್ಥಳೀಯ ಮ್ಯಾಜಿಸ್ಟ್ರೇಟ್ ಕೋರ್ಟಿನ ದಾಖಲೆಗಳನ್ನು ಬಿಡಬೇಡಿ, ಏಕೆಂದರೆ ಮೈಮೇಲಿದ್ದ ವರ್ಕ್‌ಹೌಸಿನ ಬಟ್ಟೆ ಮಂಡಳಿಯ ಆಸ್ತಿ. ಅದನ್ನು ತೊಟ್ಟುಕೊಂಡು ಓಡಿದರೆ ಅದೇ ಒಂದು ಅಪರಾಧ.

ಒಂದೇ ಮಗುವಿನ ಹೆಸರು ಒಂದೇ ವರ್ಷದಲ್ಲಿ ನಾಲ್ಕೈದು ಸಲ ಬಂದಿದೆ. ಇದು ಒಬ್ಬರೇ ಇರಲು ಸಾಧ್ಯವೇ?

ಖಂಡಿತ ಸಾಧ್ಯ. ವರ್ಕ್‌ಹೌಸ್ ಜೈಲಾಗಿರಲಿಲ್ಲ, ಸ್ವಲ್ಪ ಮುಂಚಿತವಾಗಿ ತಿಳಿಸಿ ಯಾರು ಬೇಕಾದರೂ ಹೊರಗೆ ಹೋಗಬಹುದಿತ್ತು. ಆದರೆ ತಂದೆಯೋ ತಾಯಿಯೋ ಹೊರಟರೆ ಮಕ್ಕಳನ್ನು ಮಂಡಳಿಯ ಖರ್ಚಿನಲ್ಲಿ ಬಿಟ್ಟುಹೋಗುವಂತಿರಲಿಲ್ಲ, ಕರೆದುಕೊಂಡೇ ಹೋಗಬೇಕಿತ್ತು. ಹೀಗಾಗಿ ಕೂಲಿ ಸಿಕ್ಕಾಗ ಹೊರಗೆ, ಸಿಗದಿದ್ದಾಗ ಒಳಗೆ ಎಂದು ಕುಟುಂಬಗಳು ಓಡಾಡುತ್ತಲೇ ಇದ್ದವು.

ಚಾರ್ಲಿ ಚಾಪ್ಲಿನ್ ಅವರ ಬಾಲ್ಯವೇ ಇದಕ್ಕೆ ಒಳ್ಳೆಯ ಉದಾಹರಣೆ. 1898ರ ಜುಲೈನಲ್ಲಿ ತಾಯಿ ಹ್ಯಾನಾ, ಅಣ್ಣ ಸಿಡ್ನಿ ಮತ್ತು ಒಂಬತ್ತು ವರ್ಷದ ಚಾರ್ಲಿ ದಕ್ಷಿಣ ಲಂಡನ್ನಿನ ಲ್ಯಾಂಬೆತ್ ವರ್ಕ್‌ಹೌಸಿಗೆ ಸೇರಿದರು. ಹುಡುಗರನ್ನು ನಾರ್ವುಡ್ ಶಾಲೆಗೆ ಕಳುಹಿಸಲಾಯಿತು. ಆಗಸ್ಟ್‌ನಲ್ಲಿ ಒಂದು ದಿನ ಮೂವರೂ ಬಿಡುಗಡೆಯಾದರು, ಅದೇ ದಿನ ಮೂವರೂ ಮತ್ತೆ ಸೇರ್ಪಡೆಯಾದರು. ರಿಜಿಸ್ಟರನ್ನಷ್ಟೇ ಓದಿದವರಿಗೆ ಇದು ಗುಮಾಸ್ತನ ತಪ್ಪಿನಂತೆಯೋ ಮತಿಗೆಟ್ಟ ತಾಯಿಯ ಹುಚ್ಚಾಟದಂತೆಯೋ ಕಾಣುತ್ತದೆ. ಆ ದಿನ ನಡೆದದ್ದನ್ನು ಚಾಪ್ಲಿನ್ ಮುಂದೆ ಆತ್ಮಕಥೆಯಲ್ಲಿ ಬರೆದರು: ತಾಯಿ ಮಕ್ಕಳನ್ನು ನೋಡುವ ಆಸೆಯಿಂದ ಬಿಡುಗಡೆ ಕೇಳಿ ಪಡೆದಿದ್ದಳು, ಮೂವರೂ ಕೆನಿಂಗ್ಟನ್ ಪಾರ್ಕಿನಲ್ಲಿ ದಿನ ಕಳೆದರು, ಚೆರ್ರಿ ಹಣ್ಣು ತಿಂದರು, ಸಂಜೆಗೆ ಹಿಂತಿರುಗಿದರು. ಆ ಒಂದು ದಿನಕ್ಕಾಗಿ ಎರಡೆರಡು ಸಲ ಬಟ್ಟೆ ಬದಲಾಯಿಸಿ, ಸೇರ್ಪಡೆಯ ಎಲ್ಲ ವಿಧಿಗಳನ್ನೂ ಹೊಸದಾಗಿ ನಡೆಸಿ, ಹೊಸ ಸಾಲು ಬರೆಯಬೇಕಾಯಿತು. ನಿಮ್ಮ ಹುಡುಕಾಟದಲ್ಲಿ ಒಂದೇ ದಿನದ ಬಿಡುಗಡೆ ಮತ್ತು ಮರುಸೇರ್ಪಡೆ ಕಂಡರೆ ಅದನ್ನು ತಪ್ಪೆಂದು ತಳ್ಳಿಹಾಕಬೇಡಿ.

ಮತದ ರಿಜಿಸ್ಟರಿನಿಂದ ಏನು ಪ್ರಯೋಜನ? ನಮಗೆ ಮತ ಗೊತ್ತೇ ಇದೆ.

ಕ್ರೀಡ್ ರಿಜಿಸ್ಟರ್ ಎಂಬ ಈ ಪುಸ್ತಕವನ್ನು 1868ರ ಕಾಯ್ದೆ ಕಡ್ಡಾಯ ಮಾಡಿತು. ಕ್ಯಾಥೊಲಿಕ್ ಮಕ್ಕಳನ್ನು ಪ್ರಾಟೆಸ್ಟೆಂಟರಾಗಿ ಬೆಳೆಸಲಾಗುತ್ತಿದೆ ಎಂಬ ದೂರುಗಳು ಅದರ ಹಿಂದಿದ್ದವು. ಹುಡುಕುವವರಿಗೆ ಇದರಲ್ಲಿ ಬೇಕಾದದ್ದು ಮತದ ಕಲಮಲ್ಲ, ಮಾಹಿತಿ ಕೊಟ್ಟವರು ಯಾರು ಎಂಬ ಕಲಂ. ತಾಯಿ, ಅಜ್ಜಿ, ಪಕ್ಕದ ಮನೆಯವರು, ಪೊಲೀಸ್ ಕಾನ್‌ಸ್ಟೆಬಲ್, ಹೀಗೆ ಮಗುವನ್ನು ಕರೆತಂದವರು ಅಲ್ಲಿ ಸಿಗುತ್ತಾರೆ. ಹತ್ತಿರದ ಬಂಧುವಿನ ವಿಳಾಸವೂ ಎಷ್ಟೋ ಪುಸ್ತಕಗಳಲ್ಲಿದೆ. ಹೆಸರುಗಳು ಮೊದಲ ಅಕ್ಷರದ ಪ್ರಕಾರ ಜೋಡಣೆಯಾಗಿರುವುದರಿಂದ, ಸೇರ್ಪಡೆಯ ರಿಜಿಸ್ಟರಿನ ನೂರಾರು ಪುಟ ತಿರುವುವ ಬದಲು ಇದನ್ನೇ ಸೂಚಿಯಂತೆ ಬಳಸಬಹುದು. 1869ರ ನಂತರದ ಹುಡುಕಾಟವಾದರೆ ಮೊದಲು ಇದನ್ನು ತರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ.

ಜನನ ಪ್ರಮಾಣಪತ್ರವೇ ಸಿಗುತ್ತಿಲ್ಲ. ಏನು ಮಾಡಬೇಕು?

1874ರ ಕಾಯ್ದೆ ಮುಂದಿನ ವರ್ಷ ಜಾರಿಗೆ ಬಂದು ನೋಂದಣಿ ಮಾಡಿಸದವರಿಗೆ ದಂಡ ವಿಧಿಸುವವರೆಗೆ ಅನೇಕ ಜನನಗಳು ದಾಖಲಾಗದೆ ಉಳಿದವು. ಆಮೇಲೂ ಎಲ್ಲವೂ ದಾಖಲಾದವು ಎನ್ನುವಂತಿಲ್ಲ. 1889ರಲ್ಲಿ ಹುಟ್ಟಿದ ಚಾಪ್ಲಿನ್ ಅವರ ಜನನ ನೋಂದಣಿ ಇಂದಿಗೂ ಸಿಕ್ಕಿಲ್ಲ, ಅಷ್ಟೊಂದು ಜನ ಹುಡುಕಿದ ಮೇಲೂ.

ಮದುವೆಯಾಗದ ತಾಯಿಯ ಮಗುವಾದರೆ ತಾಯಿಯ ಮನೆತನದ ಹೆಸರಿನಡಿ ಹುಡುಕಬೇಕು. ನೋಂದಣಿ ಮಹಾಕಚೇರಿಯ ಈಗಿನ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೂ ತಾಯಿಯ ತವರಿನ ಹೆಸರು ಕೊಟ್ಟಿದ್ದಾರೆ. ಆ ಜಾಗ ಖಾಲಿಯಿದ್ದರೆ ಸಾಮಾನ್ಯವಾಗಿ ಮಗು ತಾಯಿಯ ಹೆಸರನ್ನೇ ಹೊತ್ತಿದೆ ಎಂದು ತಿಳಿಯಬಹುದು. ತಂದೆ ಯಾರೆಂಬುದಕ್ಕೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರು ಕೆಲವೊಮ್ಮೆ ನೋಂದಣಿಗಿಂತ ಹೆಚ್ಚು ಬಾಯಿಬಿಡುತ್ತದೆ. 1844ರ ನಂತರ ಅಂತಹ ತಾಯಂದಿರು ಮಗುವಿನ ಪೋಷಣೆಯ ಹಣಕ್ಕಾಗಿ ತಾವೇ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದಾಗಿದ್ದರಿಂದ, ಕೋರ್ಟಿನ ಪುಸ್ತಕಗಳಲ್ಲಿ ತಂದೆಯ ಹೆಸರು, ವಾರಕ್ಕೆ ಇಷ್ಟು ಎಂಬ ಆದೇಶ ಎರಡೂ ಸಿಗುವುದುಂಟು.

1904ರ ನಂತರ ಹುಟ್ಟಿದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮಗುವಿಗೆ ಜೀವನವಿಡೀ ಕಳಂಕ ಅಂಟಿಕೊಳ್ಳದಿರಲಿ ಎಂದು ಜನನ ಸ್ಥಳದ ಕಲಮಿನಲ್ಲಿ ವರ್ಕ್‌ಹೌಸ್ ಎಂದು ಬರೆಯದೆ ಬೀದಿಯ ಹೆಸರು ಮತ್ತು ಮನೆ ಸಂಖ್ಯೆಯಂತೆ ತೋರುವ ವಿಳಾಸ ಬರೆಯುವ ಪದ್ಧತಿ ಬಂತು. ಆ ವಿಳಾಸದಲ್ಲಿ ಬಾಡಿಗೆ ಮನೆ ಹುಡುಕುವ ಮೊದಲು ಹಳೆಯ ನಕ್ಷೆಯನ್ನು ಒಮ್ಮೆ ನೋಡಿಬಿಡಿ.

ಜನಗಣತಿಯಲ್ಲಿ ವರ್ಕ್‌ಹೌಸಿನ ಪುಟಗಳು ಸಿಕ್ಕವು, ಆದರೆ ಬರೀ ಮೊದಲಕ್ಷರಗಳಿವೆ.

ಕೆಲವು ಸಂಸ್ಥೆಗಳಲ್ಲಿ ಹಾಗೆ ಬರೆದದ್ದುಂಟು. ಮೊದಲಕ್ಷರ, ವಯಸ್ಸು, ಹುಟ್ಟಿದ ಊರು ಮೂರನ್ನೂ ಇಟ್ಟುಕೊಂಡು ಆ ರಾತ್ರಿ ಒಳಗಿದ್ದವರ ಪಟ್ಟಿಯನ್ನು ಸೇರ್ಪಡೆಯ ರಿಜಿಸ್ಟರಿನಿಂದ ನೀವೇ ತಯಾರಿಸಿ ಹೋಲಿಸಬೇಕು. 1851ರಲ್ಲಿ ಗಣತಿಯ ರಾತ್ರಿ ಮಾರ್ಚ್ 30, 1861ರಲ್ಲಿ ಏಪ್ರಿಲ್ 7, 1871ರಲ್ಲಿ ಏಪ್ರಿಲ್ 2, 1881ರಲ್ಲಿ ಏಪ್ರಿಲ್ 3, 1891ರಲ್ಲಿ ಏಪ್ರಿಲ್ 5. ವಯಸ್ಸಿನಲ್ಲಿ ಒಂದೆರಡು ವರ್ಷದ ವ್ಯತ್ಯಾಸವನ್ನು ಸಹಿಸಿಕೊಳ್ಳಿ.

ಮಗು ಇದ್ದಕ್ಕಿದ್ದಂತೆ ವರ್ಕ್‌ಹೌಸಿನ ಪುಸ್ತಕಗಳಿಂದ ಮಾಯವಾಗಿದೆ. ಸತ್ತುಹೋಯಿತೇ?

ಆ ತೀರ್ಮಾನಕ್ಕೆ ಅವಸರ ಬೇಡ. ಲಂಡನ್ನಿನ ಮಂಡಳಿಗಳು ಮಕ್ಕಳನ್ನು ಊರ ಹೊರಗಿನ ದೊಡ್ಡ ಶಾಲೆಗಳಿಗೆ ಕಳುಹಿಸುತ್ತಿದ್ದವು, ಅವುಗಳಿಗೆ ತಮ್ಮದೇ ರಿಜಿಸ್ಟರುಗಳಿದ್ದವು. ಚಾಪ್ಲಿನ್ ಸಹೋದರರು 1896ರ ಬೇಸಿಗೆಯಲ್ಲಿ ಸದರ್ಕ್ ಯೂನಿಯನ್ನಿನ ವರ್ಕ್‌ಹೌಸ್ ಸೇರಿ, ಕೆಲವೇ ವಾರಗಳಲ್ಲಿ ಹ್ಯಾನ್‌ವೆಲ್‌ನಲ್ಲಿದ್ದ ಸೆಂಟ್ರಲ್ ಲಂಡನ್ ಡಿಸ್ಟ್ರಿಕ್ಟ್ ಶಾಲೆಗೆ ಸಾಗಿಸಲ್ಪಟ್ಟರು. ಅದೇ ವರ್ಷದ ನವೆಂಬರ್‌ನಲ್ಲಿ ಸಿಡ್ನಿಯನ್ನು ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ್ದ ಎಕ್ಸ್‌ಮತ್ ಎಂಬ ತರಬೇತಿ ಹಡಗಿಗೆ ಕಳುಹಿಸಲಾಯಿತು. ಚಾರ್ಲಿ 1898ರ ಜನವರಿಯವರೆಗೆ ಹ್ಯಾನ್‌ವೆಲ್‌ನಲ್ಲೇ ಇದ್ದರು. ಒಂದೇ ಮನೆಯ ಇಬ್ಬರು ಮಕ್ಕಳ ಎರಡು ವರ್ಷದ ಕಥೆಗೆ ವರ್ಕ್‌ಹೌಸ್, ಶಾಲೆ, ಹಡಗು ಎಂದು ಮೂರು ಪ್ರತ್ಯೇಕ ಪುಸ್ತಕಗಳು ಬೇಕಾಗುತ್ತವೆ. ಇವುಗಳನ್ನೆಲ್ಲ ಹೊಲಿದು ಕೂಡಿಸುವ ದಾರ ಮಂಡಳಿಯ ನಡಾವಳಿ, ಏಕೆಂದರೆ ಹಣ ಕೊಡುತ್ತಿದ್ದುದು ಮಂಡಳಿಯೇ. ಮಕ್ಕಳ ಪೋಷಣೆಯ ಹಣ ಕೊಡದ ಚಾಪ್ಲಿನ್ ತಂದೆಯ ಬೆನ್ನು ಹತ್ತಿದ್ದೂ ಆ ಮಂಡಳಿಯೇ.

ಜಾಡು 1849ರ ಜನವರಿಯ ಹೊತ್ತಿಗೆ ಲಂಡನ್ನಿನಲ್ಲಿ ಕಡಿದುಹೋಗಿದ್ದರೆ ಮಾತ್ರ ಕೆಟ್ಟದ್ದನ್ನು ನಿರೀಕ್ಷಿಸಬೇಕಾಗುತ್ತದೆ. ಟೂಟಿಂಗ್‌ನಲ್ಲಿ ಡ್ರೂಏ ಎಂಬಾತ ನಡೆಸುತ್ತಿದ್ದ ಖಾಸಗಿ ಶಾಲೆಯಲ್ಲಿ ಹಲವು ಮಂಡಳಿಗಳು ತಲೆಗೆ ಇಷ್ಟೆಂದು ಹಣ ಕೊಟ್ಟು ಸುಮಾರು 1,400 ಮಕ್ಕಳನ್ನು ಇರಿಸಿದ್ದವು. ಅಲ್ಲಿ ಹರಡಿದ ಕಾಲರಾದಲ್ಲಿ ಸುಮಾರು 180 ಮಕ್ಕಳು ಸತ್ತರು. ಸಾಯುವ ಮೊದಲು ಕೆಲವರನ್ನು ಬೇರೆ ಆಸ್ಪತ್ರೆ, ವರ್ಕ್‌ಹೌಸುಗಳಿಗೆ ಸಾಗಿಸಿದ್ದರಿಂದ ಮರಣದ ನೋಂದಣಿ ಟೂಟಿಂಗ್‌ನಲ್ಲೇ ಇರಬೇಕೆಂದಿಲ್ಲ.

ಹನ್ನೆರಡು ಹದಿಮೂರು ವರ್ಷದ ಹುಡುಗಿಯನ್ನು ಮನೆಗೆಲಸಕ್ಕೆ ಕಳುಹಿಸಿದ್ದರೆ ಅದರ ದಾಖಲೆ ಇರುತ್ತದೆಯೇ?

1851ರ ನಂತರವಾದರೆ ಇರಬೇಕು. ಅದಕ್ಕೆ ಕಾರಣವಾದದ್ದು ಜೇನ್ ವಿಲ್‌ಬ್ರೆಡ್ ಎಂಬ ಹುಡುಗಿಯ ಪ್ರಕರಣ. ವೆಸ್ಟ್ ಲಂಡನ್ ಯೂನಿಯನ್ನಿನ ವರ್ಕ್‌ಹೌಸಿನಿಂದ ಈಕೆಯನ್ನು ಕೆಲಸಕ್ಕೆ ಕರೆದುಕೊಂಡುಹೋದ ಜಾರ್ಜ್ ಸ್ಲೋನ್ ಎಂಬ ವಕೀಲ ಮತ್ತು ಅವನ ಹೆಂಡತಿ ಹಸಿವಿನಿಂದ, ಹೊಡೆತದಿಂದ ಸಾಯುವ ಸ್ಥಿತಿಗೆ ತಂದು ಜೈಲು ಸೇರಿದರು. ಸಾರ್ವಜನಿಕರ ಆಕ್ರೋಶದ ನಡುವೆ ಅದೇ ವರ್ಷ ಬಂದ ಕಾಯ್ದೆಯ ಪ್ರಕಾರ, ವರ್ಕ್‌ಹೌಸಿನಿಂದ ಕೆಲಸಕ್ಕೆ ಅಥವಾ ಅಪ್ರೆಂಟಿಸ್ ಆಗಿ ಹೋದ 16 ವರ್ಷದೊಳಗಿನವರ ರಿಜಿಸ್ಟರನ್ನು ಮಂಡಳಿ ಇಡಬೇಕಾಯಿತು, ಅಧಿಕಾರಿಯೊಬ್ಬ ವರ್ಷಕ್ಕೆ ಎರಡು ಸಲವಾದರೂ ಹೋಗಿ ನೋಡಿ ಬರಬೇಕಾಯಿತು. ಯಜಮಾನನ ಹೆಸರು, ವಿಳಾಸ, ಕಸುಬು, ಭೇಟಿಯ ಶರಾ ಇವು ಆ ಪುಸ್ತಕದಲ್ಲಿ ಸಿಗುತ್ತವೆ. ಪುಸ್ತಕ ಉಳಿದಿಲ್ಲವಾದರೆ ನಡಾವಳಿಯಲ್ಲಿ ಬಟ್ಟೆಬರೆಯ ಖರ್ಚು ಮಂಜೂರು ಮಾಡಿದ ಠರಾವನ್ನು ಹುಡುಕಿ. ಕೆಲಸಕ್ಕೆ ಹೊರಟ ಮಗುವಿಗೆ ಮಂಡಳಿ ಹೊಸ ಬಟ್ಟೆ ಕೊಡುತ್ತಿತ್ತು. ಬಟ್ಟೆಗೆ ಹಣ ಬೇಕು. ಹಣಕ್ಕೆ ಮಂಜೂರಾತಿ ಬೇಕು.

ಕೆನಡಾಕ್ಕೆ ಕಳುಹಿಸಿದ ಮಕ್ಕಳನ್ನು ಹೇಗೆ ಹುಡುಕುವುದು?

ಮರಿಯಾ ರೈ ಮತ್ತು ಆನಿ ಮ್ಯಾಕ್‌ಫರ್ಸನ್ 1869–70ರ ಹೊತ್ತಿಗೆ ಆರಂಭಿಸಿದ ಈ ಏರ್ಪಾಡಿನಡಿ, ಮುಂದೆ ಇತರ ಸಂಸ್ಥೆಗಳೂ ಸೇರಿ, 1,00,000ಕ್ಕೂ ಹೆಚ್ಚು ಮಕ್ಕಳು ಕೆನಡಾ ಸೇರಿದರು. ಅವರಲ್ಲಿ ವರ್ಕ್‌ಹೌಸಿನವರು ಒಂದು ಭಾಗ ಮಾತ್ರ. ಮಂಡಳಿ ತನ್ನ ಖರ್ಚಿನಲ್ಲಿ ಮಗುವನ್ನು ಕಳುಹಿಸಬೇಕಾದರೆ ಮಗುವೇ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ಹೇಳಬೇಕು ಎಂದು ಕಾನೂನಿತ್ತು. ಎಂಟು ಒಂಬತ್ತು ವರ್ಷದ ಮಗುವಿನ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದು ಬೇರೆ ಮಾತು, ಆದರೆ ಆ ಒಪ್ಪಿಗೆಯಿಂದಾಗಿ ಕೋರ್ಟಿನಲ್ಲಿ ಒಂದು ಕಾಗದ ಹುಟ್ಟಿತು. ಆಚೆ ದಡದಲ್ಲಿ ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದ ಆನ್‌ಲೈನ್ ಸೂಚಿಯಲ್ಲಿ ಹಡಗಿನ ಪಟ್ಟಿಗಳಿಂದ ಹೆಕ್ಕಿದ ಈ ಮಕ್ಕಳ ಹೆಸರುಗಳಿವೆ.

ಹುಡುಗ ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದನೆಂದು ಮನೆಯಲ್ಲಿ ಹೇಳುತ್ತಾರೆ. ಬೆಂಗಳೂರಿನ ದಂಡಿನಲ್ಲಿದ್ದನಂತೆ. ಪರಿಶೀಲಿಸಬಹುದೇ?

ಈ ಮಾತನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ವರ್ಕ್‌ಹೌಸಿನ ದೊಡ್ಡ ಶಾಲೆಗಳಲ್ಲಿ ಹುಡುಗರಿಗೆ ಬ್ಯಾಂಡ್ ವಾದ್ಯಗಳನ್ನು ಕಲಿಸುತ್ತಿದ್ದರು, ಅಲ್ಲಿಂದ ರೆಜಿಮೆಂಟುಗಳ ಬ್ಯಾಂಡಿಗೆ ಸೇರುವುದು ಮಂಡಳಿಗಳು ಮೆಚ್ಚಿದ ದಾರಿಯಾಗಿತ್ತು. ಹುಡುಗ ಸೈನ್ಯ ಸೇರಿದ ದಿನದಿಂದ ಮಂಡಳಿಯ ಖರ್ಚು ನಿಂತಿತು. ಬೆಂಗಳೂರು ಕಂಟೋನ್ಮೆಂಟಿನಲ್ಲಿ ಬ್ರಿಟಿಷ್ ರೆಜಿಮೆಂಟುಗಳು ಒಂದಾದ ಮೇಲೊಂದರಂತೆ ಬೀಡುಬಿಡುತ್ತಿದ್ದುದರಿಂದ ಅಂತಹ ಹುಡುಗನೊಬ್ಬ ಇಲ್ಲಿಗೆ ಬಂದಿರುವುದು ಸಹಜ.

ಪರಿಶೀಲನೆಗೆ ಎರಡು ದಾರಿಗಳಿವೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯೂಓ 97 ಸರಣಿಯಲ್ಲಿ ಸೈನಿಕರ ನಿವೃತ್ತಿ ಕಾಗದಗಳಿವೆ. ಆದರೆ 1883ಕ್ಕಿಂತ ಮುಂಚಿನ ಭಾಗದಲ್ಲಿ ಪಿಂಚಣಿ ಪಡೆದು ಹೊರಬಂದವರು ಮಾತ್ರ ಇರುತ್ತಾರೆ. ಕಾಲರಾದಿಂದಲೋ ಜ್ವರದಿಂದಲೋ ಇಲ್ಲೇ ಸತ್ತವನ ಕಾಗದ ಅಲ್ಲಿ ಸಿಗುವುದಿಲ್ಲ. ಅಂಥವನನ್ನು ರೆಜಿಮೆಂಟಿನ ಹಾಜರಿ ಮತ್ತು ಸಂಬಳದ ಪಟ್ಟಿಗಳಲ್ಲಿ, ಅಂದರೆ ಡಬ್ಲ್ಯೂಓ 12 ಹಾಗೂ ಡಬ್ಲ್ಯೂಓ 16 ಸರಣಿಗಳಲ್ಲಿ ನೋಡಬೇಕು. ಎರಡನೆಯದು ಚರ್ಚಿನ ದಾಖಲೆ. ಬೆಂಗಳೂರಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ವಿವರ ಮದರಾಸು ಪ್ರೆಸಿಡೆನ್ಸಿಯ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸರಣಿಯಲ್ಲಿವೆ, ಫೈಂಡ್‌ಮೈಪಾಸ್ಟ್ ತಾಣದಲ್ಲಿ ಅವುಗಳ ಚಿತ್ರಗಳೂ ಸಿಗುತ್ತವೆ. ಮೈಸೂರು ಎಂದು ಹುಡುಕಿ ಸಿಗದೆ ಕೈಬಿಟ್ಟವರು ಮದರಾಸು ಎಂದು ಮತ್ತೊಮ್ಮೆ ಹುಡುಕಿ ನೋಡಲಿ.

ವರ್ಕ್‌ಹೌಸಿನಲ್ಲಿ ಸತ್ತ ಮಗುವಿನ ಸಮಾಧಿ ಎಲ್ಲಿರುತ್ತದೆ?

ಮಂಡಳಿಯ ಖರ್ಚಿನಲ್ಲಾದರೆ ಹೆಚ್ಚಾಗಿ ಪ್ಯಾರಿಷ್‌ನ ಅಥವಾ ಸಾರ್ವಜನಿಕ ಸ್ಮಶಾನದ ಗುರುತಿಲ್ಲದ ಸಾಮೂಹಿಕ ಗುಂಡಿಯಲ್ಲಿ. ಬಂಧುಗಳು ಬಂದು ತಮ್ಮ ಖರ್ಚಿನಲ್ಲಿ ಒಯ್ದಿದ್ದರೆ ಮರಣದ ರಿಜಿಸ್ಟರಿನಲ್ಲಿ ಅದನ್ನು ಬರೆದಿರುತ್ತಾರೆ. ಯಾರೂ ಬಾರದಿದ್ದರೆ 1832ರ ಅಂಗರಚನಾ ಕಾಯ್ದೆಯ ಪ್ರಕಾರ ಶವವನ್ನು ವೈದ್ಯಕೀಯ ಶಾಲೆಗೆ ಕೊಡಲು ಅವಕಾಶವಿತ್ತು. ಮರಣಕ್ಕೂ ಸಮಾಧಿಗೂ ನಡುವೆ ವಾರಗಳ ಅಂತರ ಕಂಡರೆ, ಸಮಾಧಿ ದೂರದ ಊರಿನಲ್ಲಿದ್ದರೆ, ಈ ಸಾಧ್ಯತೆಯನ್ನು ಮನಸ್ಸಿನಲ್ಲಿಡಬೇಕು.

ಯೂನಿಯನ್ನಿನ ರಿಜಿಸ್ಟರುಗಳೇ ನಾಶವಾಗಿದ್ದರೆ?

ಹಾಗಾಗಿರುವುದು ಬಹಳ. 1930ರ ನಂತರ ಎಸೆದವು, ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ತುತ್ತಾದವು, ರದ್ದಿಗೆ ಹೋದವು ಲೆಕ್ಕವಿಲ್ಲ. ಆಗ ನಡಾವಳಿ ಪುಸ್ತಕಗಳು, ಸ್ಥಳೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಮಂಡಳಿ ಸಭೆಯ ವರದಿಗಳು, ಕೊನೆಗೆ ಕ್ಯೂನಲ್ಲಿರುವ ಎಂಎಚ್ 12 ಸರಣಿ ಇವುಗಳ ಮೊರೆ ಹೋಗಬೇಕು. ಎಂಎಚ್ 12 ಎಂದರೆ 1834ರಿಂದ 1900ರವರೆಗೆ ಮಂಡಳಿಗಳಿಗೂ ಲಂಡನ್ನಿನ ಕೇಂದ್ರ ಕಚೇರಿಗೂ ನಡೆದ ಪತ್ರವ್ಯವಹಾರ, 16,000ಕ್ಕೂ ಹೆಚ್ಚು ದಪ್ಪ ಸಂಪುಟಗಳು. ಯೂನಿಯನ್ ಮತ್ತು ದಿನಾಂಕದ ಪ್ರಕಾರ ಜೋಡಿಸಿದ್ದಾರೆ, ಹೆಸರಿನ ಸೂಚಿ ಬಹುಪಾಲು ಇಲ್ಲ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಂತಹ ಕೆಲವು ಯೂನಿಯನ್‌ಗಳ ಪತ್ರಗಳಿಗೆ ಮಾತ್ರ ವಿವರವಾದ ಪಟ್ಟಿ ತಯಾರಾಗಿದ್ದು, ಅವುಗಳನ್ನು ಡಿಸ್ಕವರಿಯಲ್ಲಿ ಹೆಸರು ಹಾಕಿಯೇ ಹುಡುಕಬಹುದು. ಶಾಂತವಾಗಿ ಬೆಳೆದು ಹೊರಟುಹೋದ ಮಗು ಈ ಪತ್ರಗಳಲ್ಲಿ ಕಾಣುವುದಿಲ್ಲ. ಹೊಡೆತ ತಿಂದ, ಓಡಿಹೋದ, ಅನುಮಾನಾಸ್ಪದವಾಗಿ ಸತ್ತ, ಎರಡು ಮಂಡಳಿಗಳು ಖರ್ಚಿಗಾಗಿ ಕಿತ್ತಾಡಿದ ಮಗು ಕಾಣುತ್ತದೆ.

ಮನೆಯವರು ಹೇಳುವ ಕಥೆಗೂ ದಾಖಲೆಗೂ ಹೊಂದುವುದಿಲ್ಲ. ಯಾವುದನ್ನು ನಂಬಬೇಕು?

ಆಫ್ರಿಕಾದ ಅನ್ವೇಷಕ ಹೆನ್ರಿ ಮಾರ್ಟನ್ ಸ್ಟ್ಯಾನ್ಲಿಯ ಬಾಲ್ಯವನ್ನು ನೋಡಿ ಉತ್ತರಿಸುವುದು ಸುಲಭ. ಆತನ ಹುಟ್ಟು ಹೆಸರು ಜಾನ್ ರೋಲ್ಯಾಂಡ್ಸ್. 1841ರ ಜನವರಿಯಲ್ಲಿ ವೇಲ್ಸ್‌ನ ಡೆನ್ಬಿಯಲ್ಲಿ ಮದುವೆಯಾಗದ ತಾಯಿ ಎಲಿಜಬೆತ್ ಪ್ಯಾರಿಗೆ ಹುಟ್ಟಿದ. ಸಾಕುತ್ತಿದ್ದ ತಾತ ಸತ್ತ ಮೇಲೆ ಸೋದರಮಾವಂದಿರು ವಾರಕ್ಕೆ ಎರಡೂವರೆ ಶಿಲ್ಲಿಂಗ್ ಕೊಟ್ಟು ಬೇರೊಂದು ಮನೆಯಲ್ಲಿ ಬಿಟ್ಟಿದ್ದರು. ಆ ಹಣ ನಿಂತಿತು. ಆರು ವರ್ಷದ ಹುಡುಗನನ್ನು 1847ರ ಫೆಬ್ರವರಿಯಲ್ಲಿ, ಚಿಕ್ಕಮ್ಮನ ಮನೆಗೆ ಹೋಗೋಣ ಎಂದು ನಂಬಿಸಿ, ಸೇಂಟ್ ಅಸಫ್ ವರ್ಕ್‌ಹೌಸಿನ ಬಾಗಿಲಿಗೆ ತಂದುಬಿಟ್ಟರು. ಚಿಕ್ಕಮ್ಮನ ಮನೆಯೆಂಬ ಸುಳ್ಳು ಆತನ ನೆನಪಿನಲ್ಲಿ ಮಾತ್ರ ಉಳಿದಿದೆ. ಸೇರಿದ ದಿನಾಂಕ ರಿಜಿಸ್ಟರಿನಲ್ಲಿ ಉಳಿದಿದೆ. ಇಷ್ಟರ ಮಟ್ಟಿಗೆ ಎರಡೂ ಒಂದಕ್ಕೊಂದು ಪೂರಕ.

ಹೊರಗೆ ಹೋದ ಬಗೆಯಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ. ಸ್ಟ್ಯಾನ್ಲಿ ತೀರಿಕೊಂಡ ಮೇಲೆ 1909ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಕ್ರೂರಿ ಮೇಷ್ಟ್ರನ್ನು ತಾನು ತಿರುಗಿಸಿ ಹೊಡೆದು, ಗೋಡೆ ಹಾರಿ ಓಡಿಹೋದೆ ಎಂದಿದೆ. 1856ರ ಮೇ ತಿಂಗಳ ವರ್ಕ್‌ಹೌಸ್ ದಾಖಲೆಯಲ್ಲಿ ಹೊಡೆದಾಟದ ಸುದ್ದಿಯಿಲ್ಲ. ಹೋಲಿವೆಲ್‌ನ ಬಂಧುವಿನ ಬಳಿಗೆ ಹೋದ ಎಂದಷ್ಟೇ ಇದೆ. ಸ್ಟ್ಯಾನ್ಲಿ ತನ್ನ ಬದುಕಿನ ಬೇರೆ ಘಟನೆಗಳನ್ನೂ ಬಣ್ಣ ಹಚ್ಚಿ ಹೇಳಿದವನಾದ್ದರಿಂದ ಇಲ್ಲಿ ನನ್ನ ಒಲವು ರಿಜಿಸ್ಟರಿನ ಕಡೆಗೇ. ಆದರೂ ಗುಮಾಸ್ತನಿಗೆ ಬೇಕಾಗಿದ್ದುದು ಮುಂದೆ ಊಟ ಹಾಕುವವರು ಯಾರು ಎಂಬುದಷ್ಟೇ. ಮೇಷ್ಟ್ರು ಹೊಡೆಯುತ್ತಿದ್ದನೇ ಎಂಬ ಕಲಂ ಆ ಪುಸ್ತಕದಲ್ಲಿ ಇರಲಿಲ್ಲ. ದಿನಾಂಕ, ಸ್ಥಳ, ವಯಸ್ಸಿಗೆ ದಾಖಲೆಯನ್ನು ನಂಬಿ. ಒಳಗೆ ಬದುಕು ಹೇಗಿತ್ತು ಎಂಬುದಕ್ಕೆ ನೆನಪನ್ನು ಪೂರ್ತಿ ಬದಿಗಿಡಬೇಡಿ.

ಊರಿನಿಂದಲೇ ಎಷ್ಟರಮಟ್ಟಿಗೆ ಹುಡುಕಬಹುದು?

ಜನಗಣತಿ ಮತ್ತು ನೋಂದಣಿ ಸೂಚಿಯನ್ನು ಪೂರ್ತಿಯಾಗಿ ನೋಡಬಹುದು. ಲಂಡನ್ನಿನ ವರ್ಕ್‌ಹೌಸ್ ರಿಜಿಸ್ಟರುಗಳ ಚಿತ್ರಗಳು ಆನ್‌ಸೆಸ್ಟ್ರಿ ತಾಣದಲ್ಲಿವೆ, ಚಂದಾ ಕಟ್ಟಬೇಕು, ಫ್ಯಾಮಿಲಿಸರ್ಚ್ ಎಂಬ ಇನ್ನೊಂದು ವಂಶಾವಳಿ ತಾಣ ಉಚಿತ. ಉಳಿದ ಕೌಂಟಿಗಳ ಬಹುಪಾಲು ಪುಸ್ತಕಗಳು ಇನ್ನೂ ಕಪಾಟಿನಲ್ಲೇ ಇರುವುದರಿಂದ ಪತ್ರಾಗಾರಕ್ಕೆ ಪತ್ರ ಬರೆದು ಪ್ರತಿ ತರಿಸಬೇಕಾಗುತ್ತದೆ. ಬರೆಯುವಾಗ ಇಡೀ ಕುಟುಂಬದ ಕಥೆ ಹೇಳದೆ, ಯೂನಿಯನ್, ಪುಸ್ತಕದ ಹೆಸರು, ವರ್ಷ, ಹುಡುಕಬೇಕಾದ ಹೆಸರು ಇಷ್ಟನ್ನೇ ಬರೆದರೆ ಉತ್ತರ ಬೇಗ ಬರುತ್ತದೆ. ವೈಯಕ್ತಿಕ ವಿವರಗಳಿರುವ ಪುಸ್ತಕಗಳನ್ನು ಸಾಮಾನ್ಯವಾಗಿ 100 ವರ್ಷ ಮುಚ್ಚಿಡುತ್ತಾರೆ, ಆದರೆ ವಿಕ್ಟೋರಿಯಾ ಕಾಲದ ಮಟ್ಟಿಗೆ ಆ ಅವಧಿ ಮುಗಿದಿದೆ.

ದಾಖಲೆಯಲ್ಲಿರುವ ಅವಮಾನಕರ ಪದಗಳನ್ನು ಕುಟುಂಬದ ಬರಹದಲ್ಲಿ ಹಾಗೆಯೇ ಇಡಬೇಕೆ?

ನಕಲಿನಲ್ಲಿ ಇಡಿ, ನಿರೂಪಣೆಯಲ್ಲಿ ಬಿಡಿ. 1871ರ ಜನಗಣತಿಯ ನಮೂನೆಯಲ್ಲಿ ಮಂದಬುದ್ಧಿ, ಹುಚ್ಚು ಎಂಬರ್ಥದ ಪದಗಳಿಗೇ ಒಂದು ಕಲಂ ಇತ್ತು, ಗಣತಿದಾರ ಅದನ್ನು ತುಂಬಲೇಬೇಕಿತ್ತು. ಆ ಪದವನ್ನು ಇಂದಿನ ವೈದ್ಯರ ಮಾತಿನಂತೆ ಓದಬಾರದು. ಡೆನ್ಬಿಯ ಸೇಂಟ್ ಹಿಲರಿ ಚರ್ಚಿನ ರಿಜಿಸ್ಟರಿನಲ್ಲಿ ಜಾನ್ ರೋಲ್ಯಾಂಡ್ಸ್ ಹೆಸರಿನ ಪಕ್ಕದಲ್ಲೇ ಹಾದರಕ್ಕೆ ಹುಟ್ಟಿದವನು ಎಂಬರ್ಥದ ಪದವನ್ನು ಪಾದ್ರಿ ಬರೆದಿದ್ದಾನೆ. ಮುಜುಗರದಿಂದ ಅದನ್ನು ನಕಲಿನಲ್ಲಿ ಅಳಿಸಿದರೆ, ಅದೇ ಸಾಲಿನಲ್ಲಿ ತಂದೆಯ ಹೆಸರೂ ಊರೂ ಏಕೆ ನಮೂದಾಗಿವೆ ಎಂಬುದು ಮುಂದೆ ಓದುವವರಿಗೆ ತಿಳಿಯದೆ ಹೋಗುತ್ತದೆ.